ಕಾರು ಮೈಸೂರಿಗೆ ಹೋಗಿತ್ತು

ಇಂಗ್ಲಿಷಿನಲ್ಲಿ ಆದದ್ದನ್ನು ಹೇಳುವಾಗ ‘ಹ್ಯಾಡ್’ ಎಂಬ ಪದವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಕೂಡದು ಎಂಬುದು ಉಪೇಕ್ಷೆ ಮಾಡುವಂಥ ವಿಷಯವಲ್ಲವೆಂದೂ, ಎರಡು ತಾಲ್ಲೂಕಿನ ಮಕ್ಕಳ ಭವಿಷ್ಯ, ಇಂಗ್ಲಿಷ್ ಮೇಷ್ಟ್ರುಗಳ ಮಾನ, ಇಲಾಖೆಯ ಫಲಿತಾಂಶ ಈ ಮೂರೂ ಅದರ ಮೇಲೆಯೇ ನಿಂತಿವೆಯೆಂದೂ ಮಹಾದೇವಸ್ವಾಮಿಯವರು ೧೯೯೯ರ ಫೆಬ್ರವರಿ ಹದಿನೇಳನೇ ತಾರೀಖು, ಬುಧವಾರ, ಬೆಳಿಗ್ಗೆ ಹತ್ತೂಕಾಲಕ್ಕೆ, ನಂಜನಗೂಡಿನ ಒಂದು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎದ್ದುನಿಂತು ಸಾರಿದರು. ಎದ್ದುನಿಲ್ಲುವ ಅಗತ್ಯವೇನೂ ಇರಲಿಲ್ಲ. ಎದುರಿಗಿದ್ದವರು ಇಬ್ಬರೇ: ಇಂದ್ರಾಣಿ, ಮತ್ತು ಹೋದ ವರ್ಷ ಕೆಲಸಕ್ಕೆ ಸೇರಿದ ಚಿಕ್ಕಸ್ವಾಮಿ. ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಗಳು ಟೇಬಲ್ಲಿನ ಮೇಲಿದ್ದವು. ತಮ್ಮ ಮಕ್ಕಳ ಮೇಲೆ ತಮಗೇ ಮೋಹ ಬರಬಾರದೆಂದು ಆ ವರ್ಷ ತಿ. ನರಸೀಪುರದ ಕಡೆಯ ಪತ್ರಿಕೆಗಳನ್ನು ನಂಜನಗೂಡಿಗೂ ನಂಜನಗೂಡಿನವನ್ನು ನರಸೀಪುರಕ್ಕೂ ಕಳಿಸುವ ಏರ್ಪಾಡಾಗಿತ್ತು. ಮಹಾದೇವಸ್ವಾಮಿಯವರು ಆ ಟೇಬಲ್ಲಿನ ಮುಖ್ಯಸ್ಥರು. ಮುಖ್ಯಸ್ಥರೆಂದರೆ, ಇನ್ನಿಬ್ಬರು ಹಾಕಿದ ಅಂಕವನ್ನು ಹಸಿರು ಇಂಕಿನಲ್ಲಿ ತಿದ್ದುವ ಹಕ್ಕುಳ್ಳವರು.

“ಎರಡು ಕೆಲಸ ಹಿಂದೆ ನಡೆದಿದ್ದಾವೆ ಅಂತಿಟ್ಕೊಳ್ಳಿ. ಮೊದಲು ನಡೆದದ್ದು ಅಣ್ಣ, ಆಮೇಲೆ ನಡೆದದ್ದು ತಮ್ಮ. ಅಣ್ಣನ ತಲೆಗೆ ಪೇಟ, ಹ್ಯಾಡ್. ತಮ್ಮ ಬರೀತಲೆ. ಇಷ್ಟೇ ಕಣ್ರೀ. ಇಷ್ಟು ಇಪ್ಪತ್ತೊಂಬತ್ತು ವರ್ಷದಿಂದ ಬಡಕೊಂಡ್ರೂ ಒಂದು ಮುಂಡೇದಕ್ಕೂ ಹತ್ತಲ್ಲ.”

“ಸಾ, ಕಥೆಯೇ ಪೂರ್ತಿ ಹಿಂದಿನದಾದ್ರೆ ಎಲ್ಲಾ ವಾಕ್ಯಕ್ಕೂ ಪೇಟ ಸುತ್ತಬೇಕಾ?” ಎಂದ ಚಿಕ್ಕಸ್ವಾಮಿ. ಅವನಿಗೆ ಉತ್ತರ ಗೊತ್ತಿತ್ತು. ಮುಖ್ಯಸ್ಥರನ್ನು ಮಾತಾಡಿಸಿ ಹೊತ್ತು ಕಳೆಯುವುದು ಅವನ ಕಲೆ.

“ಒಳ್ಳೆ ಪ್ರಶ್ನೆ. ಕಥೆ ಹೇಳ್ತಾ ಹಿಂದಕ್ಕೆ ಹೋಗಬೇಕಾದ್ರೆ ಬಾಗಿಲಲ್ಲಿ ಒಂದು ಹ್ಯಾಡ್, ಹೆಚ್ಚೆಂದ್ರೆ ಎರಡು. ಒಳಗೆ ಹೋದ್ಮೇಲೆ ಚಪ್ಪಲಿ ಬಿಟ್ಟ ಹಾಗೆ ಅದನ್ನ ಹೊರಗೇ ಬಿಟ್ಟುಬಿಡಬೇಕು. ಚಪ್ಪಲಿ ಹಾಕ್ಕೊಂಡು ಮನೆಯೆಲ್ಲಾ ಓಡಾಡ್ತಾರೇನ್ರೀ?”

ಬಾಗಿಲು, ಚಪ್ಪಲಿ, ಮನೆ. ಬೇರೆಯವರಿಗೆ ಎಷ್ಟು ಸುಲಭವಾಗಿ ಉದಾಹರಣೆ ಸಿಕ್ಕಿಬಿಡುತ್ತದೆ ಎಂದು ಇಂದ್ರಾಣಿಗೆ ರೇಗಿತು. ಬೆಳಿಗ್ಗೆಯಿಂದ ಅವಳಿಗೆ ಸುಮ್ಮಸುಮ್ಮನೆ ರೇಗುತ್ತಿತ್ತು. ಬಸ್ಸಿನಲ್ಲಿ ತಲೆ ಬೋಳಿಸಿಕೊಂಡು ಗಂಧ ಹಚ್ಚಿಕೊಂಡಿದ್ದ ಯಾತ್ರಿಕನೊಬ್ಬ ಅವಳ ಭುಜದ ಮೇಲೆ ನಿದ್ದೆ ಹೋಗಿದ್ದ. ಸೆರಗಿಗೆ ಹತ್ತಿದ ಗಂಧವನ್ನು ಒರೆಸಿದಷ್ಟೂ ಹರಡಿಕೊಂಡಿತ್ತು. ಅವಳು ದಾರ ಬಿಚ್ಚಿ, ಅಂಕದ ಪಟ್ಟಿಯ ಮೇಲೆ ನಲವತ್ತಾರು ಎಂದು ಬರೆದು, ಎಲ್ಲ ಪತ್ರಿಕೆಗಳ ಪ್ರಬಂಧವನ್ನು ಮೊದಲು ಮುಗಿಸಿಬಿಡೋಣವೆಂದು ಮೊದಲನೆಯದನ್ನು ತೆಗೆದಳು. ‘ನಿನ್ನ ಜೀವನದ ಮರೆಯಲಾಗದ ಒಂದು ಘಟನೆ’, ಐದು ಅಂಕ. ಇಟ್ ವಾಸ್ ಎ ಟ್ಯೂಸ್‌ಡೇ. ಮೈ ಫಾದರ್ ವಾಸ್ ಎ ವೀವರ್. ಅಷ್ಟಕ್ಕೇ ಅವಳ ಪೆನ್ನು ನಿಂತಿತು. ನೇಕಾರನ ಮಗನೊಬ್ಬ ಹತ್ತನೇ ಕ್ಲಾಸಿಗೆ ಬಂದಿದ್ದಾನಲ್ಲ ಎಂಬ ಮಾಮೂಲಿ ಖುಷಿ ಒಂದು ಕ್ಷಣ ಬಂದು, ಮೂರನೇ ವಾಕ್ಯಕ್ಕೆ ಹೊರಟುಹೋಯಿತು. ಹೀ ವೋರ್ ಎ ಟವೆಲ್ ವಿತ್ ಎ ಬ್ಲೂ ಬಾರ್ಡರ್.

ನೀಲಿ ಅಂಚಿನ ಟವೆಲ್ಲು ಅವಳ ಅಪ್ಪನದು.

ಎರಡನೇ ಪತ್ರಿಕೆಯಲ್ಲೂ ಮಂಗಳವಾರ, ನೇಕಾರ, ನೀಲಿ ಅಂಚು. ಮೂರನೆಯದರಲ್ಲೂ. ಹನ್ನೊಂದನೆಯ ಪತ್ರಿಕೆ ಮುಗಿಯುವ ಹೊತ್ತಿಗೆ ಹನ್ನೊಂದು ಜನ ತಂದೆಯರು ಒಂದೇ ಮಂಗಳವಾರ ಒಂದೇ ಹೊಟ್ಟೆನೋವಿನಿಂದ ನರಳಿ, ಒಂದೇ ಎತ್ತಿನ ಗಾಡಿಯಲ್ಲಿ ಮಲಗಿ, ನಾಲೆಯ ಸೇತುವೆಯ ಮೇಲೆ ಒಬ್ಬರ ಹಿಂದೊಬ್ಬರು ಪ್ರಾಣ ಬಿಟ್ಟಿದ್ದರು. ಒಬ್ಬನು ಬೆಲ್ಲಿಯ ಬದಲು ಬೆಲ್ ಎಂದು ಬರೆದು ಅಪ್ಪನಿಗೆ ಗಂಟೆಯಲ್ಲಿ ನೋವು ತರಿಸಿದ್ದ. ಇನ್ನೊಬ್ಬ ಸೇತುವೆಯನ್ನು ಬಿಟ್ಟುಬಿಟ್ಟದ್ದರಿಂದ ಅವನ ಅಪ್ಪ ಇನ್ನೂ ಗಾಡಿಯಲ್ಲೇ ಇದ್ದ. ನಾಲ್ಕೈದು ಜನ, ಎಲ್ಲೋ ಹಳೆಯ ಜೆರಾಕ್ಸ್ ಪ್ರತಿ ಸಿಕ್ಕಿದವರಿರಬೇಕು, ಅಪ್ಪನ ಹೆಸರನ್ನೂ ಬಿಡದೆ ಬರೆದಿದ್ದರು: ಮೈ ಫಾದರ್ ದೊಡ್ಡಮಾದಯ್ಯ. ಎಲ್ಲರಲ್ಲೂ ಒಂದು ವಾಕ್ಯ ಮಾತ್ರ ಅಲ್ಪಪ್ರಾಣ ಮಹಾಪ್ರಾಣ ಸಮೇತ ಮಂತ್ರದ ಹಾಗೆ ಅಚ್ಚುಕಟ್ಟಾಗಿತ್ತು. ಐ ರ್‍ಯಾನ್ ಟು ದ ಬಿಗ್ ಹೌಸ್, ಬಟ್ ದ ಕಾರ್ ಹ್ಯಾಡ್ ಗಾನ್ ಟು ಮೈಸೂರ್.

ಎಂಟು ವರ್ಷದ ಹಿಂದೆ ಅವಳೇ ಬರೆಸಿದ್ದು. ಈ ಪತ್ರಿಕೆಗಳು ಬಂದಿರುವ ನರಸೀಪುರದ ಕಡೆಯ ಅನುದಾನಿತ ಶಾಲೆಯಲ್ಲಿ ಅವಳದು ಮೊದಲ ಕೆಲಸ; ಅವಳು ನಂಜನಗೂಡಿಗೆ ಬಂದ ಮೇಲೂ ಆ ನೋಟ್ಸ್ ಅಲ್ಲಿ ಕೈಯಿಂದ ಕೈಗೆ ದಾಟುತ್ತಲೇ ಇತ್ತು. ಅವಳ ಹಳ್ಳಿ ಎರಡು ತಾಲ್ಲೂಕಿನ ಗಡಿಯಲ್ಲಿದ್ದುದರಿಂದ ಊರ ಮಕ್ಕಳೂ ಅಲ್ಲಿಗೇ ನಡೆದು ಬರುತ್ತಿದ್ದರು. ಆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದೆಂದರೆ ನೋಟ್ಸ್ ಬರೆಸುವುದು, ಮಕ್ಕಳು ಓದುವುದೆಂದರೆ ಉರು ಹೊಡೆಯುವುದು. ಗೈಡಿನಲ್ಲಿದ್ದ ಮರೆಯಲಾಗದ ಘಟನೆ ಯಾವುದೋ ಬೆಟ್ಟದ ಊರಿಗೆ ರೈಲಿನಲ್ಲಿ ಪ್ರವಾಸ ಹೋದದ್ದಾಗಿತ್ತು. ರೈಲನ್ನೇ ಹತ್ತದ ಮಕ್ಕಳಿಗೆ ಅದನ್ನು ಬರೆಸಲು ಕೋಪ ಬಂದು, ಚಾಕ್‌ಪೀಸು ಕೆಳಗಿಟ್ಟು, ಬರ್ಕೊಳ್ಳಿ ಎಂದು ಶುರುಮಾಡಿದ್ದಳು. ಕ್ಲಾಸಿಗೆ ಕ್ಲಾಸೇ ತಲೆ ಬಗ್ಗಿಸಿ ಅವಳ ಅಪ್ಪನನ್ನು ಬರೆದುಕೊಂಡಿತ್ತು. ಒಂದು ಹುಡುಗಿ ಎದ್ದು, ಮಿಸ್, ಟವೆಲ್‌ಗೆ ಒಂದು ಎಲ್ಲೋ ಎರಡೋ ಎಂದು ಕೇಳಿದ್ದಳು. ಒಂದು ವಾರದಲ್ಲೇ ಮೂಗೂರಿನ ಕಡೆಯ ಜಮೀನ್ದಾರರೊಬ್ಬರು ನೋಟ್ಸ್ ಪುಸ್ತಕ ಹಿಡಿದು ಶಾಲೆಗೆ ಬಂದರು. “ಏನ್ ಸಾರ್ ಇದು? ನನ್ ಮಗ ನಡುಮನೇಲಿ ಕೂತ್ಕೊಂಡು ಮೈ ಫಾದರ್ ದೊಡ್ಡಮಾದಯ್ಯ, ಮೈ ಫಾದರ್ ದೊಡ್ಡಮಾದಯ್ಯ ಅಂತ ಬಾಯ್ಪಾಠ ಹೊಡೀತಾವ್ನೆ. ನಮ್ಮವ್ವ ಕೇಳಿಸ್ಕೊಂಡು ಊಟ ಬಿಟ್ಟವ್ರೆ.” ಹೆಡ್‌ಮಾಸ್ಟರು ನಗಲಿಲ್ಲ. ಹೆಸರು ಹೊಡೆದುಹಾಕಿಸಿ ಮೇಡಂ ಎಂದರು. ಅವಳು ಹೊಡೆದುಹಾಕಿಸಿದಳು. ಆಗಲೂ ರೇಗಿತ್ತು. ಆದರೆ ಹೆಸರು ಹೊಡೆದುಹಾಕಿದ್ದಕ್ಕೆ ರೇಗಿದ್ದೋ, ಅದಕ್ಕಿಂತ ದೊಡ್ಡದೊಂದನ್ನು ಯಾರೂ ಹೇಳದೆ ತಾನೇ ಹೊಡೆದುಹಾಕಿದ್ದೆನೆಂದು ರೇಗಿದ್ದೋ, ಅದನ್ನು ಬಿಡಿಸಿ ನೋಡಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ.

ಕಾರು ಮೈಸೂರಿಗೆ ಹೋಗಿರಲಿಲ್ಲ. ಕಾರು ಊರ ದೊಡ್ಡಮನೆಯ ಕರಿಯಪ್ಪನವರ ಕೊಟ್ಟಿಗೆಯ ಪಕ್ಕದಲ್ಲಿ, ಹೊಸ ತಗಡಿನ ಚಪ್ಪರದ ಕೆಳಗೆ, ಬಿಳಿ ಪಂಚೆ ಹೊದ್ದುಕೊಂಡು ನಿಂತಿತ್ತು. ಪಂಚೆ ಗಿಡ್ಡವಾಗಿ ಹಿಂದಿನ ಕೆಂಪು ದೀಪ ಎರಡೂ ಕಾಣುತ್ತಿದ್ದವು. ಆಗ ಅವಳಿಗೆ ಹದಿನಾಲ್ಕು ವರ್ಷ. ಅಪ್ಪ ಸೋಮವಾರ ಬದನವಾಳಿನ ಖಾದಿ ಕೇಂದ್ರಕ್ಕೆ ಹೋದರೆ ಶನಿವಾರ ಬರುವವನು, ಆ ವಾರ ಹೊಟ್ಟೆ ಹಿಡಿದುಕೊಂಡು ಸೋಮವಾರವೇ ವಾಪಸು ಬಂದಿದ್ದ. ಮಂಗಳವಾರ ಬೆಳಿಗ್ಗೆ ಹೊಟ್ಟೆ ಹಲಗೆಯಾಗಿತ್ತು. ಅವ್ವ ಮಂಚಮ್ಮ, “ಓಗು ಮಗ, ದೊಡ್ಮನೆಗೆ ಓಗು, ಕಾಲಿಡ್ಕಂಡು ಕೇಳು” ಎಂದು ಕಳಿಸಿದಳು. ಕರಿಯಪ್ಪನವರು ಬೈಯಲಿಲ್ಲ, ಗದರಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಅಂದಿದ್ದರೆ ಓಡಿಹೋಗಿ ಗಾಡಿ ಕಟ್ಟಿಸುತ್ತಿದ್ದಳು. “ಶನಿವಾರ ತಂದದ್ದು ಕಣವ್ವಾ ಕಾರು. ಇನ್ನೂ ಪೂಜೆ ಆಗಿಲ್ಲ. ಮೊದಲನೇ ಸಲ ಎತ್ತಿದಾಗ ನಂಜನಗೂಡಿನ ದೇವಸ್ಥಾನಕ್ಕೇ ಹೋಗಬೇಕು, ಮುಂದಿನ ಸೋಮವಾರ ಇಟ್ಕೊಂಡಿದೀವಿ. ಅಯ್ನೋರನ್ನ ಒಂದು ಮಾತು ಕೇಳಿಸ್ತೀನಿ, ಕೂತ್ಕೊ” ಎಂದರು. ಅವಳು ಜಗಲಿಯ ಅಂಚಿಗೆ, ಯಾವಾಗಲೂ ಕೂರುವ ಜಾಗಕ್ಕಿಂತ ಒಂದು ಗೇಣು ಮೇಲೆ, ಕೂತಳು. ಕೇಳಲು ಹೋದ ಆಳು ಬರಲಿಲ್ಲ. ಒಳಗಿನಿಂದ ಅಮ್ಮನವರು ಬಂದು, ಪಾಪ, ಬಿಸಿಲಲ್ಲಿ ಬಂದಿದೆ ಎಂದು ಒಂದು ಅಚ್ಚು ಬೆಲ್ಲವನ್ನು ಮೇಲಿನಿಂದ ಅಂಗೈಗೆ ಬಿಟ್ಟರು. ಬೊಗಸೆಗೆ ನೀರು ಹುಯ್ದರು. ಹೊಸ ಬೆಲ್ಲ. ಆಲೆಮನೆಯ ಹೊಗೆಯ ವಾಸನೆ ಇನ್ನೂ ಇತ್ತು. ಅವಳು ಮೊದಲು ಅದನ್ನು ಕೈಯಲ್ಲೇ ಹಿಡಿದಿದ್ದಳು. ಬೆವರಿಗೆ ಅದು ಕರಗತೊಡಗಿದಾಗ ನೆಕ್ಕಿದಳು. ಆಮೇಲೆ ತಿಂದಳು. ಪೂರ್ತಿ ತಿಂದಳು. ಎರಡು ಗಂಟೆ ಹೊತ್ತು. ಸೋದರಮಾವ ಚಿಕ್ಕಮಾದು ಬಂದು ಜಡೆ ಹಿಡಿದು ಎಳೆದಾಗ ಬಾಯಿ ಇನ್ನೂ ಸಿಹಿಯಾಗಿತ್ತು. “ಅಲ್ಲಿ ನಿಮ್ಮಪ್ಪ ಸಾಯ್ತಾ ಅವ್ನೆ, ಇಲ್ಲಿ ಬೆಲ್ಲ ತಿಂತಾ ಕೂತಿದ್ದೀಯೇನೇ?”

“ಮೇಡಂ, ಇದನ್ನ ಕೇಳಿ” ಎಂದರು ಮಹಾದೇವಸ್ವಾಮಿ. ಅವಳ ಕಟ್ಟಿನಿಂದ ಎರಡು ಪತ್ರಿಕೆಗಳನ್ನು ಪರಿಶೀಲನೆಗೆಂದು ಎತ್ತಿಕೊಂಡಿದ್ದರು. “ದ ಕಾರ್ ಹ್ಯಾಡ್ ಗಾನ್ ಟು ಮೈಸೂರ್. ಆಹಾ. ಅಣ್ಣ ಯಾರು? ಕಾರು ಹೋದದ್ದು. ತಮ್ಮ? ಹುಡುಗ ಓಡಿದ್ದು. ಪೇಟ ಕರೆಕ್ಟಾಗಿ ಕೂತಿದೆ. ಈ ನರಸೀಪುರದ ಕಡೆ ಯಾರೋ ಒಬ್ಬ ಒಳ್ಳೇ ಮೇಷ್ಟ್ರು ಇದಾನೆ ಕಣ್ರೀ. ಇನ್ನೊಂದು ನೋಡಿ, ಇದರಲ್ಲೂ ಅದೇ! ನಮ್ಮ ಹುಡುಗರೂ ಇದಾವೆ, ಕಾರ್ ಈಸ್ ವೆಂಟ್ ಅಂತ ಬರೀತಾವೆ.”

“ಕಾಪಿ ಹೊಡೆದಿರಬೇಕು ಸಾ” ಎಂದ ಚಿಕ್ಕಸ್ವಾಮಿ. “ಇಡೀ ಊರಿಗೇ ಒಂದೇ ಕಾರು, ಒಂದೇ ಅಪ್ಪ.”

“ಹೊಡೀಲಿ ಬಿಡ್ರೀ. ಒಳ್ಳೇದನ್ನ ಕಾಪಿ ಹೊಡೆದ್ರೆ ಏನು ತಪ್ಪು? ನಾಲ್ಕು ಕೊಡಿ ಮೇಡಂ. ಈ ವಾಕ್ಯಕ್ಕೇ ಎರಡು ಅಂಕ.”

ಇಂದ್ರಾಣಿ ನಾಲ್ಕು ಕೊಟ್ಟಳು. ಇಪ್ಪತ್ತು ಪತ್ರಿಕೆಗೆ ಇಪ್ಪತ್ತು ನಾಲ್ಕು. ಪೆನ್ನಿನ ತುದಿ ಕಾಗದದೊಳಕ್ಕೆ ಇಳಿಯುವ ಹಾಗೆ ಒತ್ತಿ ಬರೆಯುತ್ತಿದ್ದಳು. ಮೇಲೆ ಫ್ಯಾನು ಒಂದು ರೆಕ್ಕೆಗೆ ಏನೋ ಹೇಳಲು ಬಾಕಿಯಿದ್ದಂತೆ ಸುತ್ತಿಗೊಮ್ಮೆ ಟಕ್ಕೆನ್ನುತ್ತಿತ್ತು. ಈ ಮನುಷ್ಯ ಮೆಚ್ಚಿದ ವಾಕ್ಯ ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು. ಅದು ಕರಿಯಪ್ಪನವರದು. ಅಪ್ಪನ ತಿಥಿ ಮುಗಿಯುವುದರೊಳಗೆ ಊರಲ್ಲಿ ಆ ಮಾತು ಬಂದುಬಿಟ್ಟಿತ್ತು: ಪಾಪ, ಅವತ್ತು ಕಾರು ಮೈಸೂರಿಗೆ ಹೋಗಿತ್ತಂತೆ. ಆ ಸೋಮವಾರ ಹೂವಿನ ಹಾರ ಹಾಕಿಕೊಂಡು, ಗಾಲಿಗೆ ನಿಂಬೆಹಣ್ಣು ಒಡೆದುಕೊಂಡು, ಮೊದಲನೇ ಸಲ ಚಪ್ಪರದಿಂದ ಹೊರಗೆ ಬಂದ ಕಾರನ್ನು ಅವರ ಬೀದಿಯವರೆಲ್ಲ ನಿಂತು ನೋಡಿದ್ದರು. ಆದರೂ ಅದು ಹಿಂದಿನ ಮಂಗಳವಾರ ಮೈಸೂರಿಗೆ ಹೋಗಿತ್ತು. ಒಂಬತ್ತು ವರ್ಷ ಕಳೆದು ಅವಳು ಬಿ.ಎಡ್. ಮುಗಿಸಿ ಆ ಶಾಲೆಯ ಸಂದರ್ಶನಕ್ಕೆ ಹೋದರೆ ಆಡಳಿತ ಮಂಡಳಿಯ ಕಾರ್ಯದರ್ಶಿಯ ಕುರ್ಚಿಯಲ್ಲಿ ಕರಿಯಪ್ಪನವರೇ ಕೂತಿದ್ದರು. ವಯಸ್ಸಾಗಿತ್ತು, ಕಿವಿಯಲ್ಲಿ ಹತ್ತಿ. ಉಳಿದವರ ಕಡೆ ತಿರುಗಿ, “ನಮ್ಮೂರಿನ ಮಗು. ತಂದೆ ಇಲ್ಲ. ಪಾಪ, ಅವತ್ತು ನಮ್ಮ ಕಾರು ಮೈಸೂರಿಗೆ ಹೋಗಿತ್ತು. ಇದ್ದಿದ್ದರೆ ಉಳಿಸಿಕೊಳ್ಳಬಹುದಾಗಿತ್ತು. ಅಲ್ವೇನವ್ವಾ?” ಎಂದು ಅವಳನ್ನು ನೋಡಿದರು. ಬೆದರಿಸಿದ ನೋಟವಲ್ಲ. ಇಷ್ಟು ವರ್ಷ ಹೇಳಿ ಹೇಳಿ ಅವರು ಅದನ್ನು ನಂಬಿದ್ದರೇನೋ. ಹೌದು ಸಾರ್ ಎಂದಳು. ಎರಡು ಪದ. ಮಂಡಳಿಯವರು ಅವಳ ಇಂಗ್ಲಿಷನ್ನು ಕೂಡ ಪರೀಕ್ಷಿಸಲಿಲ್ಲ.

ಆರ್ಡರಿನ ಕವರು ಮನೆಗೆ ಬಂದ ದಿನ ಅವ್ವ ಅದನ್ನು ಕಣ್ಣಿಗೊತ್ತಿಕೊಂಡು, “ಅವ್ರೇ ಕೊಡ್ಸುದ್ರಾ?” ಎಂದಿದ್ದಳು. ಹೌದು ಎಂದಳು. “ಏನಾರ ಕೇಳುದ್ರಾ?” ಏನೂ ಇಲ್ಲ ಎಂದಳು. ಅವ್ವ ಕವರನ್ನು ಮಡಿಲಲ್ಲಿಟ್ಟುಕೊಂಡು, “ಕಾರು ಇತ್ತು ಕಣವ್ವಾ” ಎಂದಿದ್ದಳು, ಸೊಸೈಟಿಯಲ್ಲಿ ಸೀಮೆಎಣ್ಣೆ ಇತ್ತು ಎನ್ನುವ ಧ್ವನಿಯಲ್ಲಿ. ಅವ್ವ ಆ ಮಾತನ್ನು ಹದಿನೆಂಟು ವರ್ಷದಿಂದ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಲ್ಲಿಯ ಹತ್ತಿರ, ಕಳೆ ಕೀಳುವಾಗ, ಬಾಣಂತಿಗೆ ನೀರು ಹಾಕುವಾಗ. ಬೆಲ್ಲವನ್ನೂ ಬಿಡದೆ ಹೇಳುತ್ತಾಳೆ. ಬೆಲ್ಲದ ಮಾತು ಬೇಡವ್ವಾ ಎಂದು ಇಂದ್ರಾಣಿ ಒಂದು ಸಲ ಕೂಗಾಡಿದ್ದಳು. “ಯಾಕೆ ಬ್ಯಾಡ? ಕೂಸು ಅಸ್ದಿತ್ತು, ತಿಂತು. ತಿಂದ ನೀನಾ ತಪ್ಪು ಮಾಡ್ದವ್ಳು?” ಎಂದು ಅವ್ವ ತಿರುಗಿ ಕೂಗಿದ್ದಳು. ಅವತ್ತಿನಿಂದ ಅವಳು ಬೆಲ್ಲ ತಿನ್ನುವುದಿಲ್ಲ. ಸಕ್ಕರೆ ಕಾಯಿಲೆಯೇ ಎಂದು ಸಹೋದ್ಯೋಗಿಗಳು ಕೇಳಿದರೆ ಹ್ಞೂಂ ಎನ್ನುತ್ತಾಳೆ. ಒಟ್ಟು ಲೆಕ್ಕ ಹಾಕಿದರೆ ಅವಳ ಬಾಯಿಂದ ಬಂದ ಸುಳ್ಳುಗಳೆಲ್ಲ ‘ಹೌದು’ ಎಂಬ ರೂಪದಲ್ಲೇ ಇದ್ದವು.

ಮೂವತ್ತೊಂದನೆಯ ಪತ್ರಿಕೆಯ ಅಕ್ಷರ ದಪ್ಪ, ಓರೆ. ಒಂದೊಂದು ವಾಕ್ಯಕ್ಕೂ ಒಂದು ಸಾಲು ಬಿಟ್ಟು ಬರೆದಿತ್ತು. ದಿಸ್ ಈಸ್ ನಾಟ್ ಮೈ ಇನ್ಸಿಡೆಂಟ್. ಅದರ ಇಂಗ್ಲಿಷನ್ನು ಇದ್ದ ಹಾಗೇ ಕನ್ನಡಕ್ಕಿಟ್ಟರೆ ಹೀಗಾಗುತ್ತದೆ: ಇದು ನನ್ನ ಘಟನೆ ಅಲ್ಲ. ಇದು ನಮ್ಮ ಬೀದಿಯ ಇಂದ್ರಾಣಿ ಮಿಸ್ ಘಟನೆ. ನನ್ನ ಅಜ್ಜಿ ಚಿಕ್ಕಬಸಮ್ಮ ಹೇಳುತ್ತಾಳೆ. ಕಾರು ಇದೆ. ಹೊಸದು ಇದೆ. ಪೂಜೆ ಇಲ್ಲ. ಮಿಸ್ ಜಗಲಿ ಮೇಲೆ ಕೂರುತ್ತಾಳೆ. ಅವರು ಬೆಲ್ಲ ಕೊಡುತ್ತಾರೆ. ಮಿಸ್ ತಿನ್ನುತ್ತಾಳೆ. ಅವರು ಕಾರು ಕೊಡುವುದಿಲ್ಲ. ಮಿಸ್ ಅಪ್ಪ ಗಾಡಿಯಲ್ಲಿ ಸಾಯುತ್ತಾನೆ. ನನ್ನ ಅಪ್ಪ ಇದ್ದಾನೆ. ಅವನು ಲಾರಿಗೆ ಮರಳು ತುಂಬುತ್ತಾನೆ. ನಾನು ನೋಟ್ಸ್ ಬರೆಯುವುದಿಲ್ಲ.

ಅವಳು ಎರಡನೇ ಸಲ ಓದಲಿಲ್ಲ. ಮುಖ ಬಿಸಿಯಾಗಿ, ಯಾರೋ ಬಟ್ಟೆ ಎಳೆದಂತಾಗಿ, ಸುತ್ತ ನೋಡಿದಳು. ಮೊದಲು ಕೋಪ ಬಂದದ್ದು ಈ ಮಗುವಿನ ಮೇಲೆಯೇ. ಯಾವ ಮಗುವೋ. ಪತ್ರಿಕೆಯ ಮೇಲೆ ಬರೀ ನಂಬರು. ಚಿಕ್ಕಬಸಮ್ಮನಿಗೆ ಏಳು ಜನ ಮೊಮ್ಮಕ್ಕಳು. ನಿನಗೇನು ಗೊತ್ತೇ ಬೆಲ್ಲದ ವಿಷಯ ಎಂದು ಕೆನ್ನೆಗೆ ಬಾರಿಸುವಷ್ಟು ಕೋಪ. ಆಮೇಲೆ, ಅಪ್ಪ ಇದ್ದಾನೆ ಎಂಬ ವಾಕ್ಯದ ಹತ್ತಿರ ಅವಳ ಕಣ್ಣು ನಿಂತುಬಿಟ್ಟಿತು. ಉಳಿದ ಹದಿನೈದನ್ನೂ ತಿರುವಿ ಅಂಕ ಹಾಕಿ ಮತ್ತೆ ಇದಕ್ಕೇ ಬಂದಳು. ನಲವತ್ತೆರಡು ಜನ ಐದು ಅಂಕಕ್ಕೋಸ್ಕರ ಬದುಕಿರುವ ಅಪ್ಪಂದಿರನ್ನು ಗಾಡಿಯ ಮೇಲೆ ಸಾಯಿಸಿದ್ದರು. ಮೂವರು ಏನೂ ಬರೆಯದೆ ಖಾಲಿ ಬಿಟ್ಟಿದ್ದರು. ಈ ಒಂದು ಮಗು ಮಾತ್ರ ತನ್ನ ಅಪ್ಪನನ್ನು ಸಾಯಿಸಲು ಒಪ್ಪಿರಲಿಲ್ಲ. ಇಂದ್ರಾಣಿ ಕೆಂಪು ಪೆನ್ನಿನಲ್ಲಿ ಐದಕ್ಕೆ ಐದು ಹಾಕಿದಳು.

ಮಹಾದೇವಸ್ವಾಮಿಯವರು ಕಾಫಿ ಲೋಟ ಕೆಳಗಿಟ್ಟರು. ಐದು ಎಂಬ ಅಂಕ ಟೇಬಲ್ಲಿನ ಮೇಲೆ ಬಿದ್ದರೆ ಅವರಿಗೆ ವಾಸನೆ ಹತ್ತುತ್ತಿತ್ತು. ಪತ್ರಿಕೆ ಎಳೆದುಕೊಂಡು ಓದಿದರು. ಓದುತ್ತ ಹಸಿರು ಪೆನ್ನಿನಿಂದ ಸುತ್ತು ಹಾಕುತ್ತ ಹೋದರು.

“ಏನ್ ಮೇಡಂ ಇದು? ಒಂದು ಹ್ಯಾಡ್ ಇಲ್ಲ, ಒಂದು ವಾಸ್ ಇಲ್ಲ. ಎಲ್ಲಾ ಈಸ್, ಈಸ್, ಈಸ್. ಸತ್ತವನಿಗೂ ಈಸ್! ಅಲ್ದೆ ನಿನ್ನ ಜೀವನದ ಘಟನೆ ಬರಿ ಅಂದ್ರೆ ನನ್ನದಲ್ಲ ಅಂತ ಅದೇ ಬರೆದುಕೊಟ್ಟಿದೆ. ವಿಷಯಾಂತರ. ಸೊನ್ನೆ ಹಾಕಬೇಕು. ನಾನು ಒಂದು ಕೊಡ್ತೀನಿ, ಧೈರ್ಯಕ್ಕೆ.”

“ಅದು ನಿಜ ಬರೆದಿದೆ ಸಾರ್.”

“ನಿಜಕ್ಕೆ ಅಂಕ ಎಲ್ಲಿದೆ ಕೀ ಆನ್ಸರ್‌ನಲ್ಲಿ?”

“ಕಾರು ಇತ್ತು” ಎಂದಳು ಇಂದ್ರಾಣಿ. ಧ್ವನಿ ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. “ಮೈಸೂರಿಗೆ ಹೋಗಿರಲಿಲ್ಲ. ಚಪ್ಪರದ ಕೆಳಗೇ ಇತ್ತು. ಆ ನಲವತ್ತೆರಡೂ ಸುಳ್ಳು.”

“ಯಾವ ಕಾರು ಮೇಡಂ?”

“ನೀವು ಎರಡೆರಡು ಅಂಕ ಕೊಟ್ಟಿರೋ ಕಾರು. ಸತ್ತದ್ದು ನನ್ನಪ್ಪ. ಆ ನೋಟ್ಸ್ ಬರೆಸಿದ್ದು ನಾನು. ಜಗಲಿ ಮೇಲೆ ಕೂತು ಬೆಲ್ಲ ತಿಂದದ್ದೂ ನಾನೇ. ಪೂಜೆಯಾಗದ ಕಾರಿನಲ್ಲಿ ನಮ್ಮಪ್ಪನ್ನ ಮಲಗಿಸಬಾರದು ಅಂತ ಎರಡು ಗಂಟೆ ಕೂರಿಸಿದ್ರು. ಅವರು ಇಲ್ಲ ಅಂತಾನೂ ಅನ್ನಲಿಲ್ಲ. ನಾನು ಕೂಗಲೂ ಇಲ್ಲ.”

ಚಿಕ್ಕಸ್ವಾಮಿ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಹೊರಗೆ ಕಾರ್ಖಾನೆಯ ಸೈರನ್ನು ಒಂದು ಗಂಟೆಯೆಂದು ಕೂಗಿತು. ಮಹಾದೇವಸ್ವಾಮಿಯವರ ಮುಖದಲ್ಲಿ ನಿಜವಾದ ಮರುಕ ಮೂಡಿತು. ಅವರು ಕೆಟ್ಟವರಲ್ಲ. ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನವನ್ನು ದಿನಾ ಮೂರು ಪಾಲು ಮಾಡುವವರು. ಕನ್ನಡಕ ತೆಗೆದು ಒರೆಸಿದರು.

“ಛೆ ಛೆ. ಬಹಳ ಬೇಜಾರಿನ ವಿಷಯ. ನನಗೆ ಗೊತ್ತಿರಲಿಲ್ಲ.” ಕನ್ನಡಕ ಹಾಕಿಕೊಂಡರು. “ಆದ್ರೆ ಮೇಡಂ, ತಪ್ಪು ತಿಳೀಬೇಡಿ, ಸುಳ್ಳೇ ಆದ್ರೂ ವಾಕ್ಯ ಸರಿಯಾಗಿದೆ. ಇದು ನಿಜವೇ ಆದ್ರೂ ವಾಕ್ಯ ತಪ್ಪು. ನಾವು ವಾಕ್ಯ ತಿದ್ದೋರು. ಅದು ಬಿಡಿ, ಕಾರು ಇದ್ದದ್ದು ನಿಮಗೇ ಗೊತ್ತಿದ್ದಮೇಲೆ ಮಕ್ಕಳಿಗೆ ಹಾಗ್ಯಾಕೆ ಬರೆಸಿದ್ರಿ?”

ಕೆಲಸ ಕೊಡಿಸಿದ್ದು ಅವರೇ ಸಾರ್ ಎನ್ನಬಹುದಿತ್ತು. ಆಗ ಅದಕ್ಕೂ ಒಂದು ಛೆ ಛೆ ಬರುತ್ತಿತ್ತು. ಮುಂದಿನ ವಾರದೊಳಗೆ ನಂಜನಗೂಡಿನ ಎಲ್ಲ ಸ್ಟಾಫ್ ರೂಮುಗಳಲ್ಲೂ ಪಾಪ ಇಂದ್ರಾಣಿ ಮೇಡಂ ಎಂಬ ಹೊಸದೊಂದು ನೋಟ್ಸ್ ಹರಿದಾಡುತ್ತಿತ್ತು.

“ಕಾಫಿ ತರಿಸ್ಲಾ? ಸಕ್ಕರೆ ಇಲ್ದೆ?” ಎಂದರು ಅವರು, ಮೆಲ್ಲಗೆ. ಹೇಳುತ್ತಲೇ ಹಸಿರು ಪೆನ್ನಿನಿಂದ ಐದನ್ನು ಹೊಡೆದು ಒಂದು ಎಂದು ಬರೆದು, ಪಕ್ಕದಲ್ಲಿ ಚಿಕ್ಕದಾಗಿ ರುಜು ಮಾಡಿದರು.

ಆ ರುಜು ನೋಡಿದಾಗ ಅವಳೊಳಗೆ ಬೆಳಿಗ್ಗೆಯಿಂದ ಎಲ್ಲೆಲ್ಲೋ ಹಾಯುತ್ತಿದ್ದ ಕೋಪ ಒಂದು ಕಡೆ ಬಂದು ನಿಂತಿತು. ಗಂಧ ಹಚ್ಚಿಕೊಂಡಿದ್ದ ಯಾತ್ರಿಕ, ಊಟ ಬಿಟ್ಟ ಅಜ್ಜಿ, ಕಿವಿಯ ಹತ್ತಿ, ಪೇಟ, ಚಪ್ಪಲಿ, ಜಡೆ ಹಿಡಿದ ಮಾವ, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಇದ್ದರು. ಯಾರದ್ದೂ ತಪ್ಪು ವಾಕ್ಯವಿರಲಿಲ್ಲ. ಮುಖ್ಯಸ್ಥರು ಅಂಕವನ್ನಷ್ಟೇ ತಿದ್ದಬಲ್ಲರು ಎಂದು ಅವಳಿಗೆ ಆಗ ಹೊಳೆಯಿತು. ಕಾಗದದ ಮೇಲೆ ಏನು ಬರೆಯಬೇಕೆಂಬುದು ಮೌಲ್ಯಮಾಪಕರಿಗೆ ಬಿಟ್ಟದ್ದು. ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳು ಸುಟ್ಟುಹೋಗುವುದಿಲ್ಲ, ಕಟ್ಟಿನಲ್ಲಿ ಕೊಳೆಯುವುದಿಲ್ಲ. ಶನಿವಾರ ನರಸೀಪುರದ ಕಡೆಗೆ ವಾಪಸು ಹೋಗುತ್ತವೆ, ಸೋಮವಾರ ಒಬ್ಬೊಬ್ಬರ ಕೈಗೂ ಸಿಗುತ್ತವೆ, ಸಂಜೆ ಮನೆಯಲ್ಲಿ ಅಪ್ಪಂದಿರು, ಬದುಕಿರುವ ಅಪ್ಪಂದಿರು, ರುಜು ಹಾಕಬೇಕು.

ಮಧ್ಯಾಹ್ನ ಊಟಕ್ಕೆ ಅವಳು ಏಳಲಿಲ್ಲ. ಚಿಕ್ಕಸ್ವಾಮಿ, ಮೇಡಂ, ಬರಲ್ವಾ ಎಂದು ಕರೆದು ಹೋದ. ಅವಳು ಮೊದಲನೇ ಪತ್ರಿಕೆಯನ್ನು ಮತ್ತೆ ತೆಗೆದಳು. ಹ್ಯಾಡ್ ಗಾನ್ ಟು ಮೈಸೂರ್ ಎಂಬುದರ ಮೇಲೆ ಅಡಿಕೋಲು ಇಟ್ಟು ಕೆಂಪು ಗೆರೆ ಎಳೆದು, ಮೇಲೆ ದುಂಡಗೆ ಬರೆದಳು: ವಾಸ್ ದೇರ್. ಅಂಕವನ್ನು ಮುಟ್ಟಲಿಲ್ಲ. ನಾಲ್ಕು ನಾಲ್ಕಾಗಿಯೇ ಇರಲಿ. ಆ ಮಕ್ಕಳದೇನು ತಪ್ಪು? ಎರಡನೆಯದು. ಮೂರನೆಯದು. ಎಂಟನೆಯದರ ಹೊತ್ತಿಗೆ ಕೈ ಪಳಗಿತು. ಹದಿನೈದನೆಯದರಲ್ಲಿ ಪೆನ್ನು ಮುಗಿದು, ಡ್ರಾಯರಿನಿಂದ ಇನ್ನೊಂದು ತೆಗೆದಳು. ಕಾರು ಇತ್ತು. ಕಾರು ಇತ್ತು. ಬರೆಯುತ್ತ ಅದು ಅವ್ವನ ಧ್ವನಿಯಾಗುತ್ತದೆಯೇನೋ ಎಂದು ಕಾದಳು. ಆಗಲಿಲ್ಲ, ತನ್ನ ಕೈಬರಹವಾಗಿಯೇ ಉಳಿಯಿತು. ಅಪ್ಪನ ಹೆಸರು ಬಂದ ಕಡೆಯಲ್ಲೆಲ್ಲ ಅದರ ಕೆಳಗೆ ಗೆರೆ ಎಳೆಯಬೇಕೆನಿಸಿ, ಎಳೆದರೆ ಅದನ್ನೂ ತಪ್ಪೆಂದು ತಿಳಿದಾರೆಂದು ಬಿಟ್ಟಳು. ಅರ್ಧಕ್ಕೆ ಬಂದಾಗ ಬಾಯಲ್ಲಿ ಆ ಹೊಗೆ ಬೆರೆತ ಸಿಹಿ ಬಂತು. ಎದ್ದು ಹೋಗಿ ಉಗಿದು, ಹೂಜಿಯ ನೀರು ಮುಕ್ಕಳಿಸಿ, ಮತ್ತೆ ಬಂದು ಕೂತಳು. ನಲವತ್ತೆರಡೂ ಮುಗಿದ ಮೇಲೆ ಮೂವತ್ತೊಂದನೆಯದನ್ನು ಎದುರಿಗಿಟ್ಟುಕೊಂಡಳು. ಹಸಿರು ಸುತ್ತುಗಳು ಗಾಯದ ಹಾಗೆ ತುಂಬಿದ್ದವು. ಏನಾದರೂ ಬರೆಯಬೇಕು. ಶಭಾಷ್ ಎಂದು ಬರೆಯಲು ನಾಚಿಕೆಯಾಯಿತು. ಕೊನೆಗೆ, ಮಿಸ್ ತಿನ್ನುತ್ತಾಳೆ ಎಂಬ ವಾಕ್ಯದ ಎದುರು ಒಂದು ಸರಿ ಗುರುತು ಹಾಕಿದಳು. ಕಟ್ಟಿಗೆ ದಾರ ಸುತ್ತಿದಳು. ಮಹಾದೇವಸ್ವಾಮಿಯವರು ಊಟ ಮುಗಿಸಿ ಬಂದು, ಕಟ್ಟನ್ನು ಬಿಚ್ಚಿ ನೋಡದೆ, ಮೇಲೆ ಅರಗು ಹಾಕಿದರು.

ಸೋಮವಾರ ಪತ್ರಿಕೆಗಳು ಮಕ್ಕಳಿಗೆ ಸಿಕ್ಕವು. ಬುಧವಾರ ಆ ಶಾಲೆಯ ಕಾರ್ಯದರ್ಶಿಯವರ ರುಜುವಿನಲ್ಲಿ ಇಲಾಖೆಗೆ ದೂರು ಬಂತು: ವ್ಯಾಕರಣಬದ್ಧವಾದ ವಾಕ್ಯವೊಂದನ್ನು ನಲವತ್ತೆರಡು ಉತ್ತರಪತ್ರಿಕೆಗಳಲ್ಲಿ ತಪ್ಪೆಂದು ತಿದ್ದಿ, ಪರೀಕ್ಷೆ ಹತ್ತಿರವಿರುವಾಗ ವಿದ್ಯಾರ್ಥಿಗಳಲ್ಲಿ ಗೊಂದಲ ಉಂಟುಮಾಡಲಾಗಿದೆ. ವಿವರಣೆ ಕೇಳಿ ಇಂದ್ರಾಣಿಗೆ ಮೆಮೊ ಬಂತು. ಅವಳು ಒಂದು ಹಾಳೆಯ ಮೇಲೆ ‘ಕಾರು ಇತ್ತು’ ಎಂದು ಬರೆದು, ಕೆಳಗೆ ರುಜು, ತಾರೀಖು ಹಾಕಿ ಕಳಿಸಿದಳು. ವಿವರಣೆ ಅಸ್ಪಷ್ಟವಾಗಿದೆಯೆಂದು ಷರಾ ಬರೆಯಲಾಯಿತು. ಆ ಶಾಲೆಯಲ್ಲಿ ಮುಂದಿನ ವರ್ಷದಿಂದ ಮರೆಯಲಾಗದ ಘಟನೆಯಾಗಿ ಮೈಸೂರಿನ ಝೂ ನೋಡಿದ್ದನ್ನು ಬರೆಸಿದರು. ಜೂನ್ ಹದಿನಾಲ್ಕರಿಂದ ಹದಿನಾರರವರೆಗೆ ತಿ. ನರಸೀಪುರದಲ್ಲಿ ನಡೆದ ಇಂಗ್ಲಿಷ್ ಭೂತಕಾಲಗಳ ಪುನಶ್ಚೇತನ ತರಬೇತಿಗೆ ಇಂದ್ರಾಣಿಯನ್ನು ನಿಯೋಜಿಸಲಾಯಿತು. ಮೂರು ದಿನವೂ ಅವಳು ಹಾಜರಿದ್ದಳು.